ಮಾಲ್ ಬಿಟ್ಟು ದುರ್ಗಿಗುಡಿಗೆ ಬರುತ್ತಿದ್ದೇವೆ

ಪ್ರಿಯ ಗ್ರಾಹಕರೇ, ನಮಸ್ಕಾರ.

ಯುಗಾದಿ ಕಳೆದ ಮೇಲೆ ನಮ್ಮ ಸಹಕಾರ ಸಂಘದ ಮಳಿಗೆ ಊರ ಹೊರಗಿನ ಮಾಲ್‌ನಲ್ಲಿ ಇರುವುದಿಲ್ಲ. ಶಿವಮೊಗ್ಗ ಪೇಟೆಯ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ಸಣ್ಣ ಅಂಗಡಿ ಹಿಡಿದಿದ್ದೇವೆ. ಅಪ್ಪೆಮಿಡಿ, ಜೋನಿಬೆಲ್ಲ, ಹಲಸಿನ ಹಪ್ಪಳ, ಮುರುಗಲ ಸಿಪ್ಪೆ, ಕಾಳುಮೆಣಸು ಎಲ್ಲ ಅಲ್ಲೂ ಸಿಗುತ್ತದೆ.

"ಅಂಗಡಿ ಮುಚ್ತೀರಂತೆ, ನಷ್ಟ ಆಯ್ತಾ?" ಅಂತ ಹಲವರು ಕೌಂಟರ್‌ನಲ್ಲೇ ಕೇಳಿದ್ದೀರಿ. ಮುಚ್ಚುತ್ತಿಲ್ಲ. ಆದರೆ ಅಲ್ಲಿ ಕೂತು ಉಪ್ಪಿನಕಾಯಿ ಮಾರುವ ಕಾಲ ಮುಗಿಯಿತು.

ಶುರುವಿನಲ್ಲಿ ಮಾಲ್‌ಗೆ ಜನ ಬರುತ್ತಿದ್ದುದು ಎಸ್ಕಲೇಟರ್ ಹತ್ತಲು. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಆಸ್ಪತ್ರೆ ಕೆಲಸಕ್ಕೆ ಬಂದವರೂ ಒಂದು ಸುತ್ತು ಹಾಕಿಯೇ ಹೋಗುತ್ತಿದ್ದರು. ಮಳೆಗಾಲದಲ್ಲಂತೂ ಕೊಡೆ ಮಡಚಿ ಆರಾಮಾಗಿ ಓಡಾಡಲು ಒಳ್ಳೆಯ ಜಾಗವಾಗಿತ್ತು. ಕೆಳಗಿನ ಸೂಪರ್‌ಮಾರ್ಕೆಟ್‌ನಿಂದ ಹೊರಬಂದವರು ನಮ್ಮ ಬಾಗಿಲು ದಾಟಿಯೇ ಹೋಗಬೇಕಿತ್ತು. ನಮ್ಮ ವ್ಯಾಪಾರ ನಡೆಯುತ್ತಿದ್ದುದೇ ಅವರಿಂದ.

ಆ ಸೂಪರ್‌ಮಾರ್ಕೆಟ್ ಖಾಲಿಯಾಯಿತು. ಹಿಂದೆಯೇ ಸಣ್ಣ ಅಂಗಡಿಗಳು ಒಂದೊಂದಾಗಿ ಶಟರ್ ಎಳೆದವು. ಎಲ್ಲರೂ ತಪ್ಪನ್ನು ಆನ್‌ಲೈನ್ ವ್ಯಾಪಾರದ ಮೇಲೆ ಹಾಕುತ್ತಾರೆ. ಅದೂ ಇದೆ, ಕೊರೋನಾ ಪೆಟ್ಟೂ ಇದೆ. ನಮಗೆ ಕಂಡ ದೊಡ್ಡ ಕಾರಣ ಬೇರೆ. ಕಟ್ಟಿದವರು ಒಂದೊಂದು ಅಂಗಡಿಯನ್ನು ಒಬ್ಬೊಬ್ಬರಿಗೆ ಮಾರಿದ್ದರು. ಇಡೀ ಕಟ್ಟಡ ಒಬ್ಬರ ಕೈಯಲ್ಲಿದ್ದರೆ, ಜನರನ್ನು ಎಳೆಯುವ ದೊಡ್ಡ ಅಂಗಡಿಗೆ ಬಾಡಿಗೆ ಇಳಿಸಿಯಾದರೂ ಉಳಿಸಿಕೊಳ್ಳುತ್ತಾರೆ. ಇಲ್ಲಿ ಶಟರ್‌ಗೊಬ್ಬ ಮಾಲೀಕರು. ಯಾರು ಜಾಸ್ತಿ ಕೊಟ್ಟರೋ ಅವರಿಗೆ ಅಂಗಡಿ. ಕೊನೆಗೆ ಒಂದೇ ಸಾಲಿನಲ್ಲಿ ಮೂರು ಮೊಬೈಲ್ ಕವರ್ ಅಂಗಡಿ!

ಕರೆಂಟ್ ಉಳಿಸಲು ಎಸ್ಕಲೇಟರ್ ನಿಲ್ಲಿಸಿದರು. ನಿಂತ ಎಸ್ಕಲೇಟರ್ ಹತ್ತಿ ನೋಡಿ, ಮೆಟ್ಟಿಲು ಮನೆಯ ಮೆಟ್ಟಿಲಿಗಿಂತ ಎತ್ತರ. ಮಂಡಿನೋವಿನವರು ಅರ್ಧದಲ್ಲೇ ಕಂಬಿ ಹಿಡಿದು ನಿಲ್ಲುತ್ತಿದ್ದರು. ನಮಗೆ ಬರುವ ಬಿಲ್ ಮಾತ್ರ ನಿಲ್ಲಲಿಲ್ಲ. ಕಾರಿಡಾರ್, ಲಿಫ್ಟು, ಟಾಯ್ಲೆಟ್ಟು ಎಲ್ಲದರ ಪಾಲು ಸೇರಿಸಿದ ಅಳತೆಗೆ ಬಾಡಿಗೆ, ಆಮೇಲೆ ಮೇಂಟೆನೆನ್ಸ್, ಎರಡರ ಮೇಲೂ ಶೇ. 18 ಜಿಎಸ್‌ಟಿ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಪೂರ್ತಿ ಮುಚ್ಚಿದ, ಒಳಗೆ ಒಂದೇ ಹದದ ಹವೆ ಇರುವ ಮಾಲ್ ಮೊದಲು ಬಂದದ್ದು 1956ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ. ಹೆಸರು ಸೌತ್‌ಡೇಲ್. ನಮಗೆ ಮಳೆ, ಅವರಿಗೆ ಹಿಮ. ಅದನ್ನು ರೂಪಿಸಿದ ವಿಕ್ಟರ್ ಗ್ರುಯೆನ್ ಸುತ್ತ ಮನೆ, ಶಾಲೆ, ಪಾರ್ಕ್ ಎಲ್ಲ ಇರಲಿ ಅಂದಿದ್ದರು. ಮಾಲ್ ಎದ್ದಿತು, ಉಳಿದದ್ದು ಅವರು ಅಂದುಕೊಂಡಂತೆ ಆಗಲಿಲ್ಲ. ಒಹಾಯೋದಲ್ಲಿ 1976ರಲ್ಲಿ ತೆರೆದ ರ‍್ಯಾಂಡಲ್ ಪಾರ್ಕ್ ಎಂಬ ಭಾರಿ ಮಾಲ್ ನೆಲಸಮವಾಗಿ, ಆ ಜಾಗದಲ್ಲಿ ಈಗ ಅಮೆಜಾನ್ ಗೋದಾಮು ಇದೆ. ತಮಾಷೆ ಅಲ್ವಾ?

ನಮ್ಮ ಮಾಲ್‌ನ ಅಂಗಡಿ ಮಾಲೀಕರೆಲ್ಲ ಅಂತೂ ಒಪ್ಪಂದಕ್ಕೆ ಬಂದಿದ್ದಾರೆ. ಮೇಲಿನ ಮಹಡಿಗಳು ಕ್ಲಿನಿಕ್, ಲ್ಯಾಬ್, ಕೋಚಿಂಗ್ ಕ್ಲಾಸ್, ಆಫೀಸ್ ಆಗುತ್ತವೆ. ಕಟ್ಟಡಕ್ಕೆ ಅದು ಒಳ್ಳೆಯದೇ. ಆದರೆ ಅಪಾಯಿಂಟ್‌ಮೆಂಟ್ ಹಿಡಿದು ಲಿಫ್ಟ್‌ಗೆ ಓಡುವವರು ಹಪ್ಪಳ ನೋಡಲು ನಿಲ್ಲುವುದಿಲ್ಲ. ಗೋಡೆ ಒಡೆಯುವ ಧೂಳಿನಲ್ಲಿ ತಿನ್ನುವ ಪದಾರ್ಥ ಇಡುವುದೂ ಸರಿಯಲ್ಲ.

ಹೊಸ ಅಂಗಡಿಯಲ್ಲಿ ಎಸಿ ಇಲ್ಲ. ಮಳೆಗಾಲಕ್ಕೆ ಹಪ್ಪಳ ಮೆತ್ತಗಾಗದಂತೆ ಸಣ್ಣ ಪ್ಯಾಕ್ ಮಾಡಿ ಡಬ್ಬದಲ್ಲಿ ಇಡುತ್ತೇವೆ. ಕಾರು ನಿಲ್ಲಿಸಲು ಜಾಗವೂ ಇಲ್ಲ, ದುರ್ಗಿಗುಡಿ ನಿಮಗೆ ಗೊತ್ತೇ ಇದೆ. ಫೋನ್ ಮಾಡಿದರೆ ರಸ್ತೆ ತುದಿಗೆ ತಂದು ಕೊಡುತ್ತೇವೆ.

ಬೆಲೆ ಇಳಿಯುತ್ತದಾ ಅಂದರೆ, ಇಲ್ಲ. ಉಳಿಯುವ ಬಾಡಿಗೆ ದುಡ್ಡು ಉಪ್ಪಿನಕಾಯಿಯ ಮಾವಿನಮಿಡಿ ಕೊಯ್ಯುವವರ ಕೂಲಿಗೆ ಹೋಗಲಿ ಅಂತ ಸಂಘದ ಸಭೆಯಲ್ಲಿ ತೀರ್ಮಾನವಾಗಿದೆ. ಅಪ್ಪೆ ಮರಗಳು ಹೆಚ್ಚಾಗಿ ಹೊಳೆ ದಂಡೆಯಲ್ಲಿ, ಭಾರಿ ಎತ್ತರ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಲ್ಲಿ ಮೆತ್ತಗಾಗಿ ಹಾಳಾಗುತ್ತದೆ. ತೊಟ್ಟು ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ಅಷ್ಟು ಮೇಲೆ ಹತ್ತುವವರು ಈಗ ಸಿಗುವುದೇ ಕಷ್ಟ.

ಯುಗಾದಿವರೆಗೆ ಹಳೆಯ ಅಂಗಡಿಯೇ ತೆರೆದಿರುತ್ತದೆ. ಡಿಪಾಸಿಟ್ ಕೊಟ್ಟು ಒಯ್ದ ಗಾಜಿನ ಭರಣಿಗಳನ್ನು ಎರಡರಲ್ಲಿ ಯಾವ ಅಂಗಡಿಗಾದರೂ ತನ್ನಿ, ಚೀಟಿ ಕಳೆದುಹೋಗಿದ್ದರೂ ದುಡ್ಡು ವಾಪಸ್ ಕೊಡುತ್ತೇವೆ.

ಇಂತಿ,
ನಿಮ್ಮ ಸಂಘದ ಮಳಿಗೆಯವರು
ಶಿವಮೊಗ್ಗ