ಪೊರೆ ಹಣ್ಣಾಗುವವರೆಗೆ ಕಾಯಬೇಡಿ

ಲಂಡನ್
ಭಾನುವಾರ

ತೀರ್ಥರೂಪ ಅಪ್ಪನವರಿಗೆ ಸುಮಳ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನಿಮ್ಮ ಕಾಗದ ತಲುಪಿತು.

ಓದಿದಾಗಿನಿಂದ ಸಮಾಧಾನವಿಲ್ಲ. ಎಡಗಣ್ಣು ಅಷ್ಟು ಮಂಜಾಗಿದ್ದರೂ ‘ಪೊರೆ ಹಣ್ಣಾಗಲಿ’ ಅಂತ ಅಮ್ಮ ಕೂತಿದ್ದಾಳಲ್ಲ! ಅದು ಹಿಂದಿನ ಕಾಲದ ಮಾತು. ಈಗ ಯಾರೂ ಹಾಗೆ ಕಾಯುವುದಿಲ್ಲ, ಪೊರೆ ಬಲಿತಷ್ಟೂ ತೆಗೆಯುವುದು ಕಷ್ಟ. ಈ ತಿಂಗಳೇ ಆಪರೇಷನ್ ಮಾಡಿಸಿ.

ನಾನು ಹಳೇ ಪುಸ್ತಕಕ್ಕೆ ದುಡ್ಡು ಸುರಿಯುತ್ತಿದ್ದೇನೆ ಅಂತ ಅಣ್ಣ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅದೇನು ಅಂತ ನಿಮಗೆ ತಿಳಿದಿರಬೇಕು. ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಎಂಬಾಕೆ ಹೆಣ್ಣಿನ ಹಕ್ಕುಗಳ ಬಗ್ಗೆ 1792ರಲ್ಲಿ ಬರೆದ ಪುಸ್ತಕ, ಎರಡನೇ ಮುದ್ರಣ. ಎಲ್ಲರೂ ಮುಗಿಬೀಳುವುದು ಮೊದಲನೆಯದಕ್ಕೆ. ಅವಸರದಲ್ಲಿ ಬರೆದದ್ದನ್ನು ಆಕೆಯೇ ತಿದ್ದಿ ಅದೇ ವರ್ಷ ಮತ್ತೆ ಅಚ್ಚು ಹಾಕಿಸಿದಳು. ನನಗೆ ಆ ತಿದ್ದಿದ್ದೇ ಹೆಚ್ಚು. ನನ್ನ ಪ್ರತಿಗೆ ರಟ್ಟು ಆಮೇಲೆ ಕಟ್ಟಿಸಿದ್ದು, ಕೊನೇ ಹಾಳೆಯೂ ಇಲ್ಲ. ಅದಕ್ಕೇ ನನ್ನ ಕೈಗೆ ಎಟುಕಿತು. ಆಗಿನ ಅಚ್ಚಿನವರು ಹಾಳೆ ಹಿಂದುಮುಂದಾಗದಿರಲಿ ಅಂತ ಪ್ರತಿ ಪುಟದ ಬುಡದಲ್ಲಿ ಮುಂದಿನ ಪುಟದ ಮೊದಲ ಪದವನ್ನು ಹಾಕುತ್ತಿದ್ದರು. ನನ್ನದರ ಕಡೇ ಪುಟದ ಬುಡದಲ್ಲೂ ಆ ಒಂದು ಪದವಿದೆ, ಮುಂದಿನ ಹಾಳೆ ಇಲ್ಲ. ರಾತ್ರಿ ಅದನ್ನೇ ನೋಡುತ್ತಾ ಕೂರುತ್ತೇನೆ.

ಇಲ್ಲಿನ ದೊಡ್ಡ ಲೈಬ್ರರಿಯಲ್ಲಿ ಇಂಥ ಪುಸ್ತಕ ನೋಡಲು ಪೆನ್ನು ತರುವಂತಿಲ್ಲ, ಪೆನ್ಸಿಲ್ ಮಾತ್ರ. ಕೈಗವಸು ಬೇಕಾಗಬಹುದು ಅಂದುಕೊಂಡಿದ್ದೆ, ತೊಳೆದು ಒರೆಸಿದ ಬರಿಗೈ ಸಾಕಂತೆ. ಅಮ್ಮ ಪುಸ್ತಕ ಮುಟ್ಟುವ ಹಾಗೇ.

ಮೊದಲ ಮುದ್ರಣದ ಮೇಲೆ ‘ಸಂಪುಟ 1’ ಅಂತಿತ್ತು. ಎರಡನೇ ಸಂಪುಟ ಬರಲೇ ಇಲ್ಲ. 1797ರಲ್ಲಿ ಮೇರಿ ಹೆಣ್ಣುಮಗು ಹೆತ್ತು ಹನ್ನೊಂದು ದಿನಕ್ಕೆ ಬಾಣಂತಿ ನಂಜಿನಿಂದ ಹೋಗಿಬಿಟ್ಟಳು, ಬರೀ 38 ವರ್ಷ. ಅದಕ್ಕೆ ಆಗ ಮದ್ದಿರಲಿಲ್ಲ. ಅಮ್ಮನ ಕಣ್ಣಿಗೆ ಈಗ ಇದೆಯಲ್ಲ ಅಪ್ಪ, ಯಾಕೆ ತಡ?

ದುಡ್ಡು ನಿನ್ನೆಯೇ ಅಣ್ಣನ ಖಾತೆಗೆ ಹಾಕಿದ್ದೇನೆ. ಮುಂದಿನ ವಾರದ ಪುಸ್ತಕ ಮೇಳಕ್ಕೆ ಹೋಗುವುದಿಲ್ಲ, ಅದಕ್ಕೆ ಬೇಸರವೂ ಇಲ್ಲ. ಬಾಡಿಗೆ ಕಟ್ಟಿದ್ದೇನೆ, ಹೊತ್ತುಹೊತ್ತಿಗೆ ಊಟ ಮಾಡುತ್ತೇನೆ, ನಿದ್ದೆಯೂ ಚೆನ್ನಾಗಿ ಬರುತ್ತದೆ, ಚಳಿಯೂ ಅಷ್ಟೇನಿಲ್ಲ. ನನಗೆ ಯಾವ ಕೊರತೆಯೂ ಇಲ್ಲ, ನಿಜವಾಗಿ ಇಲ್ಲ. ಅಮ್ಮನಿಗೆ ಇದನ್ನು ಎರಡು ಸಲ ಓದಿ ಹೇಳಿ.

ಆಪರೇಷನ್ ಆದಮೇಲೆ ಡಾಕ್ಟರು ಹೇಳಿದಷ್ಟು ದಿನ ಡ್ರಾಪ್ಸ್ ತಪ್ಪಿಸಬೇಡಿ. ಕಣ್ಣಿಗೆ ನೀರು ಬೀಳದಿರಲಿ, ಉಜ್ಜಿಕೊಳ್ಳಲು ಬಿಡಬೇಡಿ, ಒಲೆ ಮುಂದೆ ಕೂರಿಸಬೇಡಿ. ಅತ್ತಿಗೆಗೂ ಹೇಳಿರಿ.

ಬಸ್ಸಿಗೆ ಹೊತ್ತಾಯಿತು. ದಿನ ಗೊತ್ತಾದ ಕೂಡಲೇ ಅಣ್ಣನಿಂದ ಫೋನ್ ಮಾಡಿಸಿ, ಅರ್ಧರಾತ್ರಿಯಾದರೂ ಪರವಾಗಿಲ್ಲ.

ನಿಮ್ಮ
ಸುಮ