ಏಳು ಮೆಗಾಹರ್ಟ್ಸ್‌ಗೆ ಆಮದು ಐಸಿಯೇ ಬೇಕೆ?

ಮಾನ್ಯ ಸಂಪಾದಕರೇ,

ಮನೆಯಲ್ಲೇ, ಸಂಕೇತ ಬಿಡಿಸುವ ಕೆಲಸವನ್ನು ಕಂಪ್ಯೂಟರಿಗೆ ಬಿಡುವ ಸಾಫ್ಟ್‌ವೇರ್ ರೇಡಿಯೊ ಕಟ್ಟಿಕೊಳ್ಳುವ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿ ಸಂತೋಷವಾಯಿತು. ಆದರೆ ಎಫ್‌ಎಸ್‌ಟಿ3253 ಎಂಬ ವೇಗದ ಸ್ವಿಚ್ ಐಸಿ ಸಿಗದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬಾರದೆಂಬ ಅದರ ಧಾಟಿಗೆ ನನ್ನ ತಕರಾರಿದೆ.

ಆ ಐಸಿ ಒಳ್ಳೆಯದೇ. ಸ್ವಿಚ್ ಆನ್ ಆದಾಗ ಅದರ ರೋಧ ಕೆಲವೇ ಓಮ್. ಆದರೆ ಬೋರ್ಡಿನ ಮೇಲ್ಮೈಗೆ ಬೆಸೆಯುವ ಪುಟ್ಟ ರೂಪದಲ್ಲಿ ಬರುವ ಅದನ್ನು ಶಿವಮೊಗ್ಗದ ಅಂಗಡಿಗಳಲ್ಲಿ ಕೇಳಿದರೆ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಎನ್ನುತ್ತಾರೆ. ಡಿಪ್ಲೊಮಾ ವಿದ್ಯಾರ್ಥಿಗಳ ಉತ್ಸಾಹ ಅಲ್ಲಿಗೇ ಇಳಿಯುತ್ತದೆ.

ಈ ರಿಸೀವರಿನಲ್ಲಿ ಸ್ವಿಚ್ಚಿನ ಕೆಲಸವಾದರೂ ಏನು? ಆಂಟೆನಾದ ಸಂಕೇತವನ್ನು ನಾಲ್ಕು ಕೆಪಾಸಿಟರ್‌ಗಳಿಗೆ ಸರದಿಯಂತೆ ಹಂಚುವುದು, ಪಂಕ್ತಿಯಲ್ಲಿ ಬಡಿಸಿದ ಹಾಗೆ. ರೇಡಿಯೊ ಹವ್ಯಾಸಿಗಳ ಬ್ಯಾಂಡಾದ 7 ಮೆಗಾಹರ್ಟ್ಸ್‌ನಲ್ಲಿ ಒಬ್ಬೊಬ್ಬರ ಪಾಲಿಗೆ ಒಂದು ಅಲೆಯ ಕಾಲು ಭಾಗ, ಅಂದರೆ ಸುಮಾರು 36 ನ್ಯಾನೊಸೆಕೆಂಡ್. ಅದೇ ಬಗೆಯ, ಉದ್ದ ಕಾಲಿನ ಸ್ವಿಚ್ ಐಸಿ 74ಎಚ್‌ಸಿ4052 ಇಷ್ಟನ್ನು ನಿಭಾಯಿಸುತ್ತದೆ. 28.224 ಮೆಗಾಹರ್ಟ್ಸ್ ಆಸಿಲೇಟರ್ (ನಿಗದಿತ ಕಂಪನ ಹುಟ್ಟಿಸುವ ಬಿಡಿಭಾಗ) ಇಟ್ಟು 74ಎಸಿ74 ಎಂಬ ಭಾಗಿಸುವ ಐಸಿ ಒಂದರಿಂದ ನಾಲ್ಕರಲ್ಲಿ ಭಾಗಿಸಿದರೆ 7.056 ಸಿಗುತ್ತದೆ, ಅದರ ಎರಡು ಔಟ್‌ಪುಟ್‌ಗಳನ್ನು ನೇರವಾಗಿ 4052ಕ್ಕೆ ಕೊಟ್ಟರಾಯಿತು. ಇದರ ರೋಧ ಹಲವು ಹತ್ತು ಓಮ್ ಇರುವುದರಿಂದ ಸಂಕೇತ ಕೊಂಚ ಕ್ಷೀಣಿಸುತ್ತದೆ, ನಿಜ. ಈ ಬ್ಯಾಂಡಿನಲ್ಲಿ ವಾತಾವರಣದ ಗದ್ದಲವೇ ಅದಕ್ಕಿಂತ ಎಷ್ಟೋ ಹೆಚ್ಚು. ಆ ನಷ್ಟ ಕಿವಿಗೆ ತಿಳಿಯದು. 14 ಮೆಗಾಹರ್ಟ್ಸ್ ಮತ್ತು ಅದರಾಚೆಗೆ ಲೇಖಕರ ಮಾತನ್ನು ಒಪ್ಪುತ್ತೇನೆ.

ಕೊಳ್ಳುವಾಗ ಮಾತ್ರ ಐಸಿಯ ಬೆನ್ನ ಮೇಲಿನ ಅಕ್ಷರ ಓದಿಕೊಳ್ಳಬೇಕು. ‘ಎರಡೂ ಒಂದೇ ಸಾರ್’ ಎಂದು ಸಿಡಿ4052 ಕೊಡುವವರಿದ್ದಾರೆ. ಕಾಲುಗಳ ಜೋಡಣೆ ಒಂದೇ. ಆದರೆ 5 ವೋಲ್ಟ್‌ನಲ್ಲಿ ಅದು ಸ್ವಿಚ್ ಬದಲಾಯಿಸಲು ನೂರಾರು ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಪಂಕ್ತಿಯೇ ಎದ್ದುಹೋಗಿರುತ್ತದೆ.

ಲೇಖನ ಚಿಂತಿಸಬೇಕಾಗಿದ್ದುದು ಬೇರೆ ಕಡೆ. ಭದ್ರಾವತಿ ಆಕಾಶವಾಣಿಯ 675 ಕಿಲೊಹರ್ಟ್ಸ್ ಪ್ರಸಾರ ನಮ್ಮೂರಿನ ತಂತಿಗಳಿಗೆ ಪಕ್ಕದ ಮನೆಯ ದನಿ. ಬ್ಯಾಂಡಿಗೆ ತಕ್ಕ ಫಿಲ್ಟರ್ ಆರಿಸುವ ಸ್ವಿಚ್ಚಾಗಿ ಲೇಖಕರು ಸೂಚಿಸಿದ 1ಎನ್4148 ಡಯೋಡ್‌ಗೆ ಸಾಕಷ್ಟು ಕರೆಂಟ್ ಹರಿಸದಿದ್ದರೆ, ಇಂಥ ಬಲವಾದ ಸಂಕೇತ ಅದರೊಳಗೇ ಬೆರಕೆಯಾಗಿ, ಇಲ್ಲದ ಸ್ಟೇಷನ್ನುಗಳೂ ಪರದೆಯ ಮೇಲೆ ಮೂಡುತ್ತವೆ. ಆಂಟೆನಾದ ಬುಡದಲ್ಲೇ ಈ ಪ್ರಸಾರ ಬರುವ ಮಧ್ಯಮ ತರಂಗವನ್ನು ತಡೆಯುವ ಫಿಲ್ಟರ್ ಇಡಬೇಕು. ಬ್ಯಾಂಡ್ ಬದಲಿಸಲು 5 ವೋಲ್ಟಿನ ಗಾಳಿಯಾಡದಂತೆ ಮುಚ್ಚಿದ ರಿಲೇ (ಕರೆಂಟಿನಿಂದ ಚಲಿಸುವ ಸ್ವಿಚ್) ಸಾಕು. ಕೈಯಲ್ಲಿ ತಿರುಗಿಸುವ ಸ್ವಿಚ್ಚೂ ಆದೀತು, ಆದರೆ ಮಲೆನಾಡಿನ ಮಳೆಗಾಲದ ಥಂಡಿಗೆ ತೆರೆದ ಸಂಪರ್ಕಗಳು ಬೇಗ ಕಪ್ಪಾಗುತ್ತವೆ.

ಇನ್ನೊಂದು ಸ್ವಿಚ್ಚನ್ನು ಲೇಖನ ಮರೆತೇಬಿಟ್ಟಿದೆ. ಅಡಿಕೆ ಮರಗಳ ನಡುವೆ 20 ಮೀಟರ್ ಆಂಟೆನಾ ತಂತಿ ಎಳೆದವರು ಏಪ್ರಿಲ್–ಮೇ ತಿಂಗಳ ಗುಡುಗು ದೂರದಲ್ಲಿರುವಾಗಲೇ ಅದನ್ನು ರಿಸೀವರಿನಿಂದ ಬಿಡಿಸಿ ಭೂಮಿಗೆ ಸೇರಿಸಲು ಹಳೆಯ ಕಾಲದ ನೈಫ್ ಸ್ವಿಚ್ಚೊಂದು ಮನೆಯ ಹೊರಗೆ ಇರಲೇಬೇಕು.

ಲೇಖಕರು ಮುಂದಿನ ಕಂತಿನಲ್ಲಿ 74ಎಚ್‌ಸಿ4052 ಬಳಸಿದ ಸರ್ಕ್ಯೂಟ್ ನಕ್ಷೆಯೊಂದನ್ನು, ಕಾಲುಗಳ ಸಂಖ್ಯೆ ಸಮೇತ, ಕೊಡಬೇಕೆಂದು ಕೋರುತ್ತೇನೆ.

– ನಿವೃತ್ತ ಪ್ರಯೋಗಾಲಯ ಬೋಧಕ, ವಿನೋಬನಗರ, ಶಿವಮೊಗ್ಗ