ಟವೆಲ್ ನೋಡಿ ವಾಪಸ್ ಹೋದವರಿಗೆ

ಇದು ಗೆದ್ದವರು ಹೇಳುವ ಥ್ಯಾಂಕ್ಸ್ ಅಲ್ಲ. ನಾವು ಸೋತೆವು. ಹೊಳೆಯಲ್ಲಿ ನಾವು ಹೆಂಗಸರು ಮೀಯುತ್ತಿದ್ದ ಗುಂಡಿ ಹೋಯಿತು. ಈಗ ಅಲ್ಲಿ ಸಿಮೆಂಟಿನ ಮೆಟ್ಟಿಲಿದೆ, ಹಳದಿ ದೋಣಿಗಳಿವೆ, ರಾತ್ರಿ ಹತ್ತರ ತನಕ ಲೈಟು ಉರಿಯುತ್ತದೆ. ಆದರೂ ನಾಲ್ಕು ವರ್ಷ ನಮ್ಮ ಜೊತೆ ಓಡಾಡಿದವರಿಗೆ ಒಂದು ಮಾತು ಹೇಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಗೊತ್ತಿಲ್ಲದವರಿಗೆ ಜಾಗದ ಬಗ್ಗೆ ಹೇಳಿಬಿಡುತ್ತೇನೆ. ಶೃಂಗೇರಿ ದಾಟಿ ತೀರ್ಥಹಳ್ಳಿ ಕಡೆ ಬರುವ ತುಂಗೆ ನಮ್ಮೂರ ಹತ್ತಿರ ಒಂದು ಕಡೆ ತಿರುಗುತ್ತಾಳೆ. ತಿರುವಿನಲ್ಲಿ ದೊಡ್ಡ ಬಂಡೆ. ಬಂಡೆ ಬುಡದಲ್ಲಿ ಎದೆಮಟ್ಟದ ನೀರು. ಮೂರು ಕಡೆ ವಾಟೆ ಬಿದಿರಿನ ಮೆಳೆ. ದೀಪಾವಳಿ ಕಳೆದು ಹೊಳೆ ತಿಳಿಯಾದ ಮೇಲೆ, ಮತ್ತೆ ಮಳೆ ಹಿಡಿಯುವ ತನಕ ಅದು ಹೆಂಗಸರ ಜಾಗ. ಬೋರ್ಡಿಲ್ಲ, ಬೀಗವಿಲ್ಲ. ಮೊದಲು ಹೋದವಳು ದಾರಿ ತಲೆಯ ನೇರಳೆ ಮರದ ಕೊಂಬೆಗೆ ಟವೆಲ್ ಕಟ್ಟಬೇಕು. ಕೊನೆಗೆ ಮೇಲೆ ಬಂದವಳು ಬಿಚ್ಚಬೇಕು. ಟವೆಲ್ ಕಂಡರೆ ಗಂಡಸರು ಅಲ್ಲಿಂದಲೇ ವಾಪಸ್. ಬಲೆ ಹಿಡಿದುಕೊಂಡು ಬಂದವರಾದರೂ ಸೈ, ಎಮ್ಮೆ ಹುಡುಕಿಕೊಂಡು ಬಂದವರಾದರೂ ಸೈ. ಎಮ್ಮೆ ಗುಂಡಿಯಲ್ಲೇ ಮಲಗಿದ್ದರೆ ಅದನ್ನು ಎಬ್ಬಿಸಿ ಮೇಲಕ್ಕೆ ಹೊಡೆಯುವುದು ನಮ್ಮ ಕೆಲಸ.

ಮೈಮೇಲೆ ಏನಿರುತ್ತಿತ್ತು ಅನ್ನುವ ಕುತೂಹಲ ಎಲ್ಲರಿಗೂ ಇದೆ. ಕಚೇರಿಗಳಲ್ಲೂ ಇತ್ತು. ಕೆಲವರಿಗೆ ಎದೆ ಮೇಲೆ ಕಟ್ಟಿದ ಲಂಗ. ವಯಸ್ಸಾದವರಿಗೆ ಸೊಂಟಕ್ಕೊಂದು ತುಂಡು. ನೀರಿಗಿಳಿದ ಮೇಲೆ ಅದೂ ಬಂಡೆ ಮೇಲೆ. ಅಷ್ಟೇ.

ನಾನು ಮದುವೆಯಾಗಿ ಈ ಊರಿಗೆ ಬಂದಿದ್ದು 1996ರಲ್ಲಿ. ಆಗ ನನಗೆ 24 ವರ್ಷ. ಮೊದಲನೇ ವರ್ಷ ರವಿಕೆ ಬಿಚ್ಚದೆ ನೀರಿಗೆ ಇಳಿಯುತ್ತಿದ್ದೆ. ಎಲ್ಲರೂ ನಗುತ್ತಿದ್ದರು. 31ನೇ ವರ್ಷಕ್ಕೆ ತೊನ್ನು ಶುರುವಾಯಿತು. ಮೊದಲು ಬೆನ್ನಿಗೆ, ಆಮೇಲೆ ಹೊಟ್ಟೆಗೆ, ತೊಡೆಗೆ. ಅದು ಅಂಟುವುದಿಲ್ಲ, ಚರ್ಮದ ಬಣ್ಣ ಹೋಗುತ್ತದೆ ಅಷ್ಟೇ. ಇದನ್ನು ನನಗೆ ಡಾಕ್ಟರು ಎರಡೇ ನಿಮಿಷದಲ್ಲಿ ಹೇಳಿದರು. ನೆಂಟರಿಗೆ ಹೇಳಲು ನನಗೆ 20 ವರ್ಷ ಸಾಲಲಿಲ್ಲ. ಮದುವೆ ಮನೆಯಲ್ಲಿ ಬಡಿಸಲು ನಿಂತರೆ ಪಾತ್ರೆ ಕೈಯಿಂದ ಮೆಲ್ಲಗೆ ಇಸಿದುಕೊಳ್ಳುವವರಿದ್ದರು. ಉದ್ದ ತೋಳಿನ ರವಿಕೆ ಹೊಲಿಸಿದೆ. ಸೆಕೆಯಲ್ಲೂ ಸೆರಗು ಹೊದ್ದೆ.

ಗುಂಡಿಯಲ್ಲಿ ಮಾತ್ರ ಹೊದ್ದಿರಲಿಲ್ಲ. ಅಲ್ಲಿ ಮೇಲಿನಮನೆ ದೊಡ್ಡಮ್ಮ ಹೀರೆಕಾಯಿ ಜುಂಗಿಗೆ ಸೀಗೆಪುಡಿ ಹಾಕಿ ನನ್ನ ಬೆನ್ನು ತಿಕ್ಕುತ್ತಿದ್ದರು. ತಿಕ್ಕುತ್ತಾ ಸುದ್ದಿ ಹೇಳುವ ಹಾಗೆ ಹೇಳೋರು, "ಬಲಗಡೆದು ತುಂಗೆ, ಎಡಗಡೆದು ಭದ್ರೆ. ಇವತ್ತು ನೋಡಿದ್ರೆ ಎರಡೂ ಕೂಡ್ಲಿ ಹತ್ರ ಬಂದಾವೆ ಕಣೆ." ಕೂಡ್ಲಿ ಅಂದರೆ ಆ ಎರಡು ಹೊಳೆ ಸೇರುವ ಊರು. ಎಲ್ಲರೂ ಬಂದು ನೋಡೋರು. "ಹೌದೇ, ಇನ್ನೊಂದು ಬೆರಳಷ್ಟು ಬಾಕಿ" ಅಂತ ಅಳತೆ ಬೇರೆ. ನನ್ನ ಬೆನ್ನನ್ನು ನಾನು ನೋಡಿದವಳಲ್ಲ. ಗಂಡನನ್ನು ಕೇಳಿದರೆ "ಜಾಸ್ತಿ ಏನಾಗಿಲ್ಲ" ಅಂತಾರೆ. ಸುಳ್ಳು. ಒಳ್ಳೆ ಮನಸ್ಸಿನ ಸುಳ್ಳು, ಆದರೂ ಸುಳ್ಳೇ. ನಿಜ ಸುದ್ದಿ ಸಿಗುತ್ತಿದ್ದಿದ್ದು ಆ ನೀರಿನಲ್ಲಿ. ತುಂಗೆ ಭದ್ರೆ ಸೇರಿದ ದಿನ ದೊಡ್ಡಮ್ಮ ಸಂಗಮ ಆಯಿತೆಂದು ನಾಲ್ಕು ಬೊಗಸೆ ನೀರು ತಲೆಗೆ ಹೊಯ್ದರು. ನಾನು ಅಳಬೇಕು ಅಂದುಕೊಂಡಿದ್ದೆ, ನಗು ಬಂತು. ದೊಡ್ಡಮ್ಮ ಈಗಿಲ್ಲ. ಮೊದಲ ನಮಸ್ಕಾರ ಅವರಿಗೆ.

2021ರಲ್ಲಿ ದಂಡೆಯ ಜಮೀನು ಹೊರಗಿನವರ ಕೈಗೆ ಹೋಯಿತು. ರೆಸಾರ್ಟ್ ಅಂದರು. ಮಾರಿದವರನ್ನು ನಾನು ಬಯ್ಯುವುದಿಲ್ಲ. ಅಡಿಕೆಗೆ ಕೊಳೆ ಹಿಡಿದು ಮೇಲಿಂದ ಮೇಲೆ ಎರಡು ವರ್ಷ ಹೋದರೆ ಯಾರ ತಲೆಯೂ ನೆಟ್ಟಗಿರುವುದಿಲ್ಲ.

ಮರುವರ್ಷ ಮಾಘದಲ್ಲಿ ಜೆಸಿಬಿ ಬಂತು. ಆ ದಿನ ನಾವು ಐದು ಜನ ನೀರಿನಲ್ಲಿದ್ದೆವು. ಮೇಲೆ ಇಂಜಿನ್ ಸದ್ದು ಕೇಳಿತು, ಹತ್ತಿರ ಬಂತು, ಆಮೇಲೆ ನಿಂತುಹೋಯಿತು. ಏನೋ ಕೆಟ್ಟಿರಬೇಕು ಅಂದುಕೊಂಡೆವು. ನಿಧಾನಕ್ಕೆ ತಲೆ ಒರೆಸಿಕೊಂಡು ಮೇಲೆ ಬಂದರೆ ನೇರಳೆ ಮರದಿಂದ ಇಪ್ಪತ್ತು ಮಾರು ಹಿಂದೆ ಗಾಡಿ ನಿಂತಿದೆ. ಆಪರೇಟರ್ ಹುಡುಗ ನಮಗೆ ಬೆನ್ನು ಹಾಕಿ ಕೂತು ಬೀಡಿ ಸೇದುತ್ತಿದ್ದಾನೆ. ಬಯಲುಸೀಮೆ ಕಡೆಯವನು. ಟವೆಲ್ ಅಂದರೆ ಏನು ಅಂತ ಅವನಿಗೇನು ಗೊತ್ತು? ಜೊತೆಗಿದ್ದ ನಮ್ಮೂರ ಹುಡುಗ ಹೇಳಿದನಂತೆ. ಒಂದೂವರೆ ಗಂಟೆ ಕಾದಿದ್ದ. ಗಾಡಿ ಬಾಡಿಗೆ ಗಂಟೆ ಲೆಕ್ಕ, ಕಂಟ್ರಾಕ್ಟರ್ ಫೋನಿನಲ್ಲಿ ಬಯ್ಯುತ್ತಿದ್ದದ್ದು ನಮಗೂ ಕೇಳುತ್ತಿತ್ತು. "ಮುಗೀತೇನ್ರೀ ಅಕ್ಕಾರ?" ಅಂತ ಕೇಳಿ, ನಾವು ದಾರಿ ದಾಟಿದ ಮೇಲೆ ಗಾಡಿ ಚಾಲೂ ಮಾಡಿದ. ಮಧ್ಯಾಹ್ನದೊಳಗೆ ವಾಟೆ ಮೆಳೆ ಪೂರ್ತಿ ನೆಲಸಮ. ಅವನ ಕೆಲಸ ಅದು, ಮಾಡಿದ. ಆದರೆ ಆ ಒಂದೂವರೆ ಗಂಟೆ ಅವನು ನಮಗೆ ಕೊಟ್ಟಿದ್ದು. ತಮ್ಮಾ, ನೀನು ಎಲ್ಲೇ ಇದ್ದರೂ ಚೆನ್ನಾಗಿರು.

ಆಮೇಲೆ ಅರ್ಜಿಗಳ ಕಾಲ. ಕಚೇರಿ ಮುಂದೆ ಅರ್ಜಿ ಬರೆಯುವವರೊಬ್ಬರು ದುಡ್ಡು ತಗೊಳ್ಳದೆ ಬರೆದುಕೊಟ್ಟರು. "ಸದರಿ ಸ್ಥಳದಲ್ಲಿ ಗ್ರಾಮದ ಮಹಿಳೆಯರು ತಲತಲಾಂತರದಿಂದ ಸ್ನಾನಾದಿ ಕಾರ್ಯಗಳನ್ನು ನಡೆಸಿಕೊಂಡು ಬಂದಿದ್ದು" ಅಂತ. ಒಳಗೆ ಕೂತವರು ಓದಿ ಕೇಳಿದರು, "ಸ್ನಾನ ಸರಿ. ಆದಿ ಅಂದ್ರೆ ಏನು?" ನಾವು ಮುಖ ಮುಖ ನೋಡಿಕೊಂಡೆವು. ಆದಿ ಅಂದರೆ ಬೆನ್ನು ತಿಕ್ಕುವುದು, ಸೊಸೆಯ ಬಗ್ಗೆ ಅಳುವುದು, ಹೆರಿಗೆಯಾಗಿ ಆರು ತಿಂಗಳಾದರೂ ಹೊಟ್ಟೆ ಇಳಿದಿಲ್ಲ ಅಂತ ತೋರಿಸಿ "ನಂದೂ ಹಾಗೇ ಇತ್ತು" ಅನ್ನಿಸಿಕೊಳ್ಳುವುದು. ಇದನ್ನೆಲ್ಲ ಟೈಪ್ ಮಾಡಿಸಲು ಆಗುತ್ತದಾ? "ಮನೇಲಿ ಬಚ್ಚಲಿಲ್ವಾ?" ಅಂತ ಇನ್ನೊಬ್ಬರು. ಇದೆ ಸ್ವಾಮಿ. ಮಲೆನಾಡಿನ ಬಚ್ಚಲಿಗೆ ಸಮ ಯಾವುದಿದೆ, ಹಂಡೆ ತುಂಬ ಕಾದ ನೀರು. ಅಲ್ಲಿ ಒಬ್ಬಳೇ ಇರುತ್ತೇನೆ, ಅದೇ ತೊಂದರೆ. ಮೂರನೆಯವರು "ತುಂಗಾ ಪಾನ, ಗಂಗಾ ಸ್ನಾನ ಅಂತಾರೆ, ತುಂಗೆ ಇರೋದು ಕುಡಿಯೋಕೆ ಕಣ್ರಮ್ಮ" ಅಂದರು. ಆ ಗಾದೆ ಕಟ್ಟಿದವರು ನಮ್ಮ ಗುಂಡಿಗೆ ಬಂದಿರಲಿಲ್ಲ.

ದಾರಿಯ ಲೆಕ್ಕ ನೋಡಿಕೊಟ್ಟವರು ಒಬ್ಬ ನಿವೃತ್ತ ಸರ್ವೇಯರ್. ಮೊಣಕಾಲು ನೋವಿದ್ದರೂ ಎರಡು ಸಲ ದಂಡೆ ತನಕ ನಡೆದರು. ಗ್ರಾಮ ನಕಾಶೆ ಹರಡಿ, ಕಾಲುದಾರಿ ಅಂದರೆ ಚುಕ್ಕಿ ಗೆರೆ ಅಂತ ತೋರಿಸಿದರು. ನಮ್ಮ ಚುಕ್ಕಿಗಳು ನೇರಳೆ ಮರದ ತನಕ ಬಂದು ನಿಂತಿದ್ದವು. ಅಲ್ಲಿಂದ ಹೊಳೆಗೆ ಖಾಸಗಿ ಪಹಣಿ. "ಸಮುದ್ರದಂಡೆ ಆಗಿದ್ರೆ ಸಿಆರ್‌ಝಡ್, ಕರಾವಳಿ ನಿಯಂತ್ರಣ ವಲಯ ಅಂತ 1991ರಿಂದ ನಿಯಮ ಇದೆ, ಉಬ್ಬರದ ಗೆರೆಯಿಂದ 500 ಮೀಟರ್ ತನಕ ಕಟ್ಟೋದಕ್ಕೆ ಮುಂಚೆ ಲೆಕ್ಕ ಕೊಡಬೇಕು. ನಿಮ್ಮ ಹೊಳೆ ನೀರು ಸಿಹಿ, ಅದೇ ತಪ್ಪು" ಅಂತ ನಕ್ಕರು. ಅವರ ಪರಿಚಯದ ವಕೀಲರೊಬ್ಬರು 1882ರ ಈಸ್‌ಮೆಂಟ್ ಕಾಯ್ದೆ ತೆಗೆದರು. 20 ವರ್ಷ ಯಾರ ತಡೆಯೂ ಇಲ್ಲದೆ, ಬಹಿರಂಗವಾಗಿ ಓಡಾಡಿದ ದಾರಿಗೆ ಹಕ್ಕು ಕೇಳಬಹುದಂತೆ. ಬಹಿರಂಗವಾಗಿ! ಹುಟ್ಟಿದಾಗಿನಿಂದ ಕದ್ದು ಮುಚ್ಚಿ ಹೋಗಿದ್ದೇ ಆ ಜಾಗದ ಬೆಲೆ, ಅದಕ್ಕೆ ಬಹಿರಂಗದ ಸಾಕ್ಷಿ ಎಲ್ಲಿಂದ ತರೋಣ?

ಸಾಕ್ಷಿ ಸಿಕ್ಕಿದ್ದು ಗ್ರಾಮಸಭೆಯಲ್ಲಿ. ಆ ದಿನದ ಸಭೆ ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತದೆ. ಹಿಂದಿನ ಸಾಲಿನಿಂದ ಯಾರೋ "ಇದೇನು ಚಂದ್ರಗುತ್ತಿ ಬೆತ್ತಲೆ ಸೇವೆನಾ?" ಅಂದರು. ನಗು ಎದ್ದಿತು. ಸೊರಬದ ಚಂದ್ರಗುತ್ತಿಯಲ್ಲಿ 1986ರಲ್ಲಿ ಏನಾಯಿತು ಅಂತ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ತಡೆಯಲು ಹೋದ ಪೊಲೀಸರ ಮೇಲೆ, ಕಾರ್ಯಕರ್ತರ ಮೇಲೇ ಹಲ್ಲೆಯಾಗಿ, ಕೊನೆಗೆ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧಿಸಿದ್ದು ಸರಿಯೇ. ಅಲ್ಲಿ ಹೆಂಗಸರು ಹರಕೆಗೆ ಬೆತ್ತಲಾಗಬೇಕಿತ್ತು, ನೋಡಲು ಜಾತ್ರೆಯೇ ಸೇರುತ್ತಿತ್ತು. ನಮ್ಮಲ್ಲಿ ನೋಡುವವರೇ ಇರಲಿಲ್ಲ. ಇಷ್ಟನ್ನು ಎದ್ದು ನಿಂತು ಹೇಳಲು ನನ್ನ ಗಂಟಲಿನಿಂದ ಸ್ವರ ಹೊರಡಲಿಲ್ಲ. ಆಗ ಕನ್ನಡ ಮೇಷ್ಟ್ರು, ನಿವೃತ್ತರಾಗಿ ಹದಿನೈದು ವರ್ಷವಾದವರು, ಎದ್ದರು. "ಉಡುತಡಿ ಎಲ್ಲಿದೆ? ಶಿಕಾರಿಪುರ ತಾಲ್ಲೂಕು. ಕೂದಲನ್ನೇ ಹೊದ್ದು ನಡೆದ ಅಕ್ಕ ನಮ್ಮ ಜಿಲ್ಲೆಯವಳು ಅಂತ ಭಾಷಣ ಮಾಡ್ತೀರಿ. ಈ ಹೆಂಗಸರಿಗೆ ಒಂದು ಮೆಳೆ ಬಿಡೋಕೆ ಆಗಲ್ವಾ?" ಅಂದು ಕೂತರು.

ಅವರ ಹಿಂದೆಯೇ ಇನ್ನೊಬ್ಬರು ಎದ್ದರು. ಎಂಬತ್ತರ ಹತ್ತಿರದ ಅಜ್ಜ, ಸಭೆಯಲ್ಲಿ ಯಾವತ್ತೂ ಬಾಯಿ ಬಿಟ್ಟವರಲ್ಲ. ಕವಳ ಉಗಿದು ಬಂದು ಹೇಳಿದ್ದು ಇಷ್ಟು: "ಸಾಕ್ಷಿ ಬೇಕಂತಲ್ಲ. ನಾನು ಅರವತ್ತು ವರ್ಷದಿಂದ ಆ ದಾರೀಲಿ ಅರ್ಧಕ್ಕೆ ವಾಪಸ್ ಬಂದಿದ್ದೀನಿ. ಅಲ್ಲಿ ಹೊಳೆ ಹೆಂಗಿದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಬರ್ಕೊಳ್ಳಿ."

ಬರೆದುಕೊಂಡರೋ ಇಲ್ಲವೋ, ನಡಾವಳಿಯಲ್ಲಿ ನಾನಂತೂ ನೋಡಲಿಲ್ಲ. ಆದರೆ ನನಗೆ ಆವತ್ತು ತಲೆಗೆ ಹೊಳೆಯಿತು. ಇಷ್ಟು ವರ್ಷ ಆ ಜಾಗ ಕಾದಿದ್ದು ವಾಟೆ ಮೆಳೆ ಅಂದುಕೊಂಡಿದ್ದೆ. ಮೆಳೆಯಲ್ಲಿ ಕಿಂಡಿ ಎಷ್ಟು ಬೇಕಾದರೂ ಇದ್ದವು. ಕಾದಿದ್ದು ಅರ್ಧ ದಾರಿಯಲ್ಲಿ ತಿರುಗಿದ ಇಂಥವರು. ಇವರಿಗೆ ನಾವು ಒಂದು ದಿನವೂ ಥ್ಯಾಂಕ್ಸ್ ಹೇಳಿದವರಲ್ಲ. ಹೇಳುವುದಾದರೂ ಹೇಗೆ? ಬಂದಿದ್ದರು ಅಂತಲೇ ನಮಗೆ ಗೊತ್ತಾಗುತ್ತಿರಲಿಲ್ಲವಲ್ಲ.

ಕೋರ್ಟಿಗೆ ಹೋಗಲಿಲ್ಲ. ದುಡ್ಡಿರಲಿಲ್ಲ, ಆಯಸ್ಸೂ ಅಷ್ಟು ಉಳಿದಿಲ್ಲ.

ಆ ಬೇಸರದಲ್ಲಿದ್ದಾಗ ಜರ್ಮನಿಯಲ್ಲಿರುವ ನಮ್ಮ ನಾದಿನಿ ಮಗಳು ರಜಕ್ಕೆ ಬಂದಳು. ಅಲ್ಲಿ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಎಫ್‌ಕೆಕೆ ಅಂತ ಬೋರ್ಡ್ ಹಾಕಿದ ತೀರಗಳಿವೆಯಂತೆ. ಮೈಮೇಲೆ ನೂಲೂ ಇಲ್ಲದೆ ಈಜುವುದು, ಬಿಸಿಲಿಗೆ ಬಿದ್ದುಕೊಳ್ಳುವುದು. ಹಿಂದಿನ ಪೂರ್ವ ಜರ್ಮನಿಯಲ್ಲಂತೂ ಅದು ಮನೆಮಂದಿಯೆಲ್ಲ ಹೋಗುವ ಮಾಮೂಲಿ ವಿಷಯ. 1989ರಲ್ಲಿ ಬರ್ಲಿನ್ ಗೋಡೆ ಬಿದ್ದ ಮೇಲೆ ಪಶ್ಚಿಮದ ಕಡೆಯ ಪ್ರವಾಸಿಗರು ಬಂದರು, ಹೋಟೆಲ್‌ಗಳು ಎದ್ದವು, ಬಟ್ಟೆ ಹಾಕಿಕೊಂಡವರಿಗೆ ಮುಜುಗರ ಅಂತ ಆ ಬೋರ್ಡುಗಳು ಹಿಂದೆ ಹಿಂದೆ ಸರಿದವಂತೆ. ಕಣದಲ್ಲಿ ಅಡಿಕೆ ಸುಲಿಯುತ್ತಾ ಕೇಳುತ್ತಿದ್ದ ಕೆಳಗಿನಮನೆ ಅತ್ತಿಗೆ, "ಗಂಡಸರೂ ಇರ್ತಾರಾ?" ಅಂದರು. ಹೌದು ಅಂದಳು. "ಅಯ್ಯೋ ಮಾರಾಯ್ತಿ, ಅವರ ಹೊಟ್ಟೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ!" ಕಣವೆಲ್ಲ ನಕ್ಕಿತು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು. ಹುಡುಗಿಗೂ ಅತ್ತಿಗೆಗೂ ಥ್ಯಾಂಕ್ಸ್. ನೀರು ಬೇರೆ, ಪದ್ಧತಿ ಬೇರೆ. ಆದರೂ ಅಲ್ಲೂ ಯಾರೋ ಮುದುಕಿ ಬೋರ್ಡ್ ಕಿತ್ತ ಜಾಗ ನೋಡಿ ನಿಂತಿರಬೇಕಲ್ವಾ ಅಂತ ರಾತ್ರಿಯೆಲ್ಲ ಯೋಚಿಸಿದೆ.

2024ರ ಡಿಸೆಂಬರಿನಲ್ಲಿ ರೆಸಾರ್ಟ್ ತೆರೆಯಿತು. ಅದಕ್ಕೆ ಎರಡು ವಾರ ಮುಂಚೆ ಹಟಕ್ಕೆ ಬಿದ್ದು ಕೊನೆಯ ಸಲ ಹೋಗಿದ್ದೆವು. ಮೆಳೆ ಇಲ್ಲದಿದ್ದರೂ ಬೆಳಗಿನ ಮಂಜು ಇತ್ತಲ್ಲ. ಟವೆಲ್ ಕಟ್ಟಿದೆವು. ಮಂಜು ಒಡೆಯುವ ಹೊತ್ತಿಗೆ ತಲೆ ಮೇಲೆ ಜೇನು ಹಾರಿದ ಹಾಗೆ ಸದ್ದು. ಡ್ರೋನ್. ಜಾಹೀರಾತಿಗೆ ಹೊಳೆ ಶೂಟ್ ಮಾಡುತ್ತಿದ್ದರಂತೆ. ಅದಕ್ಕೆ ಟವೆಲ್ ಯಾರು ಕಲಿಸಬೇಕು? ಕುತ್ತಿಗೆ ತನಕ ಮುಳುಗಿ ಕೂತೆವು, ಅದು ಹೋಗುವ ತನಕ. ಆಮೇಲೆ ಯಾರೂ ಮಾತಾಡಲಿಲ್ಲ. ಟವೆಲ್ ಬಿಚ್ಚಿದ್ದು ನಾನು.

ಆ ಎರಡು ತಿಂಗಳು ನನ್ನ ಬೆನ್ನಿನ ಸುದ್ದಿ ನನಗೆ ಗೊತ್ತಿಲ್ಲ.

ಶಿವರಾತ್ರಿ ಹತ್ತಿರ ಬಂದಾಗ ಕೆಳಗಿನಮನೆ ಅತ್ತಿಗೆ ಒಂದು ದಿನ ಬಂದು, ಜಗುಲಿ ಮೇಲೆ ಕೂರುವ ಮೊದಲೇ ಹೇಳಿದರು. "ನಮ್ಮ ತೋಟದ ತುದೀಲಿ ಇಳಿಯೋಕಾಗುತ್ತೆ. ಮೊಣಕಾಲಿಗಿಂತ ಸ್ವಲ್ಪ ಮೇಲೆ ನೀರು. ಕೂತರೆ ಸರಿಯಾಗುತ್ತೆ." ತೋಟದೊಳಗೆ ಪರರ ಕಾಲು ಬೀಳುವುದು ಅಂದರೆ ಅಡಿಕೆಯವರಿಗೆ ಎಷ್ಟು ಕಷ್ಟ ಅಂತ ಈ ಕಡೆಯವರಿಗೆ ಗೊತ್ತು. ಗೊನೆ ಕಡಿಮೆ ಬಂದರೆ ಮೊದಲು ಬರುವ ಅನುಮಾನವೇ ಅದು. ಅವರು ಒಂದು ಮಾತೂ ಆಡದೆ ಬೇಲಿಯ ದಣಪೆ ಸರಿಸಿಕೊಟ್ಟರು. ಕಪ್ಪಿನ ಮೇಲೆ, ಅಂದರೆ ತೋಟದ ಬಸಿಗಾಲುವೆ ಮೇಲೆ, ಅಡಿಕೆ ದಬ್ಬೆಯ ಕಾಲುಸಂಕ ಹಾಕಿಸಿದವರು ಭಾವ.

ಜಾಗ ಹಳೆಯದರ ಹಾಗಿಲ್ಲ. ಬಂಡೆ ಇಲ್ಲ, ಕಾಲಿಗೆ ಕೆಸರು ಮೆತ್ತುತ್ತದೆ, ಎಂಟು ಜನ ಕೂತರೆ ಮೊಣಕೈ ತಾಗುತ್ತದೆ. ಮೊದಲ ದಿನ ಅತ್ತಿಗೆಯೇ ನನ್ನ ಬೆನ್ನು ತಿಕ್ಕಿದರು. ದೊಡ್ಡಮ್ಮನ ಹಾಗೆ ಕೈ ಭಾರವಿಲ್ಲ. "ಕೂಡ್ಲಿ ದಾಟಿ ಹೊನ್ನಾಳಿಗೆ ಹೋಗ್ತಾ ಉಂಟು" ಅಂದರು.

ಟವೆಲ್ ಕಟ್ಟಲು ಅಲ್ಲಿ ಮರವಿಲ್ಲ. ಪಂಪ್‌ಸೆಟ್ ಮನೆಯ ಚಿಲಕಕ್ಕೆ ಸಿಕ್ಕಿಸುತ್ತೇವೆ. ಅದರಿಂದ ಭಾವನಿಗೆ ಫಜೀತಿ. ಕರೆಂಟು ಬರುವುದೇ ಆ ಹೊತ್ತಿಗೆ, ಸ್ಟಾರ್ಟರ್ ಇರುವುದು ಆ ಬಾಗಿಲ ಒಳಗೆ. ಮೊನ್ನೆಯೂ ತೋಟದ ತಲೆಯಲ್ಲಿ ನಿಂತು, ನಮ್ಮ ಕಡೆ ಬೆನ್ನು ಹಾಕಿ, ಎದುರಿನ ಗುಡ್ಡಕ್ಕೆ ಹೇಳುವ ಹಾಗೆ ಕೂಗುತ್ತಿದ್ದರು.

"ಹೋಯ್, ಮುಗೀತನೇ? ಮೋಟ್ರು ಹಾಕ್ಬೇಕು. ಸಸಿ ಒಣಗ್ತಾ ಇದೆ!"

"ಇನ್ನೊಂದು ಹತ್ತು ನಿಮಿಷ" ಅಂತ ಅತ್ತಿಗೆ ಕೂಗಿದರು. ಅರ್ಧ ಗಂಟೆಯಾಯಿತು.